ಬೇಸ್‌ಬಾಲ್‌ನ ಬರೆಯದ ನಿಯಮಗಳು: ಯಾವುದು ಮರ್ಯಾದೆ, ಯಾವುದು ಬರೀ ಸೇಡು?

ಡಲ್ಲಾಸ್ ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ಬೇಸ್‌ಬಾಲ್ ನೋಡುವವರು ಇಲ್ಲಿ ಒಂದಷ್ಟು ಜನ ಇದ್ದೀರಿ, ಅದಕ್ಕೇ ಈ ವಿಷಯ ಎತ್ತುತ್ತಿದ್ದೇನೆ. ಈ ಆಟಕ್ಕೆ ಅಚ್ಚಾದ ನಿಯಮಗಳ ಪುಸ್ತಕ ಇದೆ. ಅದರಲ್ಲಿ ಎಲ್ಲೂ ಇಲ್ಲದ, ಆದರೂ ಆಟಗಾರರೆಲ್ಲ ಪಾಲಿಸಲೇಬೇಕು ಅಂತ ಹೇಳುವ ಇನ್ನೊಂದಷ್ಟು ನಿಯಮಗಳೂ ಇವೆ. ತುಂಬಾ ಮುಂದಿರುವಾಗ ಬೇಸ್ ಕದಿಯಬಾರದು, ಅಂದರೆ ಯಾರೂ ಚೆಂಡು ಹೊಡೆಯದೆಯೇ ಮುಂದಿನ ನಿಲ್ದಾಣಕ್ಕೆ (ಬೇಸ್‌ಗೆ) ಓಡಬಾರದು. ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಥರದ ಹೊಡೆತ) ಹೊಡೆದು ನಿಂತು ನೋಡುತ್ತಿರಬಾರದು, ಬ್ಯಾಟ್ ಎಸೆದು ಸಂಭ್ರಮಿಸಬಾರದು. ಎದುರಾಳಿ ಪಿಚರ್ (ಚೆಂಡು ಎಸೆಯುವವನು) ಒಂದೂ ಹಿಟ್ ಕೊಡದೆ, ಅಂದರೆ ಯಾರೂ ಹೊಡೆದು ಬೇಸ್ ಸೇರದಂತೆ, ಆಡುತ್ತಿದ್ದರೆ ಬಂಟ್ ಮಾಡಿ (ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ತಡೆದು ಓಡಿ) ಅದನ್ನು ಕೆಡಿಸಬಾರದು. ಮುರಿದರೆ ಸಿಗುವ ಶಿಕ್ಷೆಯೂ ಎಲ್ಲೂ ಬರೆದಿಲ್ಲ: ನಿಮ್ಮ ಮುಂದಿನ ಸರದಿಯಲ್ಲಿ ಚೆಂಡು ಮೈಮೇಲೆ ಬರುತ್ತದೆ.

ನನ್ನ ತಂಡ ಟೆಕ್ಸಸ್ ರೇಂಜರ್ಸ್. 2020ರ ಆಗಸ್ಟ್ 17ರಂದು ಸ್ಯಾನ್ ಡಿಯಾಗೊ ಪಾಡ್ರೆಸ್ ನಮ್ಮ ವಿರುದ್ಧ ಎಂಟನೇ ಇನ್ನಿಂಗ್ಸ್‌ನಲ್ಲಿ 10-3ರಿಂದ ಮುಂದಿತ್ತು. ಮೂರೂ ಬೇಸ್ ತುಂಬಿತ್ತು, ಬ್ಯಾಟ್ ಹಿಡಿದವನು ಫರ್ನಾಂಡೊ ಟಾಟಿಸ್ ಜೂನಿಯರ್, ಆಗಿನ್ನೂ 21 ವರ್ಷ. ಎಣಿಕೆ 3-0. ಅಂದರೆ ಮೂರು ಬಾಲ್ (ಗುರಿಯ ಹೊರಗೆ ಹೋದ ಎಸೆತ), ಒಂದೂ ಸ್ಟ್ರೈಕ್ ಇಲ್ಲ. ಇನ್ನೊಂದು ಬಾಲ್ ಆದರೆ ಪುಕ್ಕಟೆ ಒಂದು ರನ್ ಹೋಗುತ್ತದೆ, ಹಾಗಾಗಿ ಪಿಚರ್ ನೇರವಾಗಿ ಮಧ್ಯಕ್ಕೇ ಹಾಕಬೇಕು. ಅಂಥ ಚೆಂಡನ್ನು ದೊಡ್ಡ ಅಂತರದಲ್ಲಿ ಮುಂದಿರುವವರು ಹೊಡೆಯದೆ ಬಿಡಬೇಕು ಅನ್ನುವುದು ಬರೆಯದ ನಿಯಮ. ಟಾಟಿಸ್ ಬಿಡಲಿಲ್ಲ, ಗ್ರ್ಯಾಂಡ್ ಸ್ಲ್ಯಾಮ್ (ಒಂದೇ ಹೊಡೆತಕ್ಕೆ ನಾಲ್ಕು ರನ್) ಹೊಡೆದ. ನಮ್ಮವರು ಪಿಚರ್ ಬದಲಾಯಿಸಿದರು. ಹೊಸದಾಗಿ ಬಂದ ಇಯಾನ್ ಗಿಬಾ ಮುಂದಿನ ಬ್ಯಾಟರ್ ಮ್ಯಾನಿ ಮಚಾಡೊ ಬೆನ್ನ ಹಿಂದಕ್ಕೆ ಚೆಂಡು ಎಸೆದ. ಲೀಗ್ ಅವನಿಗೆ ಮೂರು ಪಂದ್ಯ, ನಮ್ಮ ಆಗಿನ ಮ್ಯಾನೇಜರ್ (ಅಂದರೆ ಮುಖ್ಯ ಕೋಚ್) ಕ್ರಿಸ್ ವುಡ್‌ವರ್ಡ್‌ಗೆ ಒಂದು ಪಂದ್ಯ ನಿಷೇಧ ಹಾಕಿತು.

ಈ ತಾರೀಕು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಸರಿಯಾಗಿ ನೂರು ವರ್ಷ ಹಿಂದೆ, 1920ರ ಆಗಸ್ಟ್ 17ರಂದು, ಕ್ಲೀವ್‌ಲ್ಯಾಂಡ್ ಆಟಗಾರ ರೇ ಚಾಪ್‌ಮನ್ ತೀರಿಕೊಂಡ. ಹಿಂದಿನ ದಿನ ನ್ಯೂಯಾರ್ಕ್‌ನಲ್ಲಿ ಕಾರ್ಲ್ ಮೇಸ್ ಎಸೆದ ಚೆಂಡು ಅವನ ತಲೆಗೆ ಬಿದ್ದಿತ್ತು. ಅಮೆರಿಕದ ಅತಿ ದೊಡ್ಡ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಚೆಂಡು ತಗುಲಿ ಸತ್ತ ಒಬ್ಬನೇ ಆಟಗಾರ ಅವನು. ಈ ಚೆಂಡು ಏನು ಮಾಡಬಲ್ಲದು ಅಂತ ನೂರು ವರ್ಷದಿಂದ ಎಲ್ಲರಿಗೂ ಗೊತ್ತು. ಆದರೂ ಒಬ್ಬ ಹುಡುಗ ಚೆನ್ನಾಗಿ ಆಡಿದ ಅಂತ ಅವನ ಜೊತೆಗಾರನ ಮೇಲೆ ಅದನ್ನು ಎಸೆಯುವುದನ್ನು ಕ್ರೀಡಾಮನೋಭಾವದ ಹೆಸರಲ್ಲಿ ಸಮರ್ಥಿಸುತ್ತಾರೆ. ನನಗೆ ಇದು ಒಪ್ಪಿಗೆಯಾಗುವುದೇ ಇಲ್ಲ. ನೀವೇನು ಹೇಳುತ್ತೀರಿ?

ಹಳೇ ಸ್ಕೋರರ್:
ಸೇಡಿನ ಚೆಂಡನ್ನು ಪಕ್ಕಕ್ಕಿಡಿ, ಅದರ ಬಗ್ಗೆ ಆಮೇಲೆ ಹೇಳುತ್ತೇನೆ. ಮುಂದಿರುವವರು ಕೈ ತಡೆಯಬೇಕು ಅನ್ನುವ ನಿಯಮವನ್ನು ಮಾತ್ರ ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ. ಅದು ಯಾಕೆ ಹುಟ್ಟಿತು ನೋಡಿ. ಕ್ರಿಕೆಟ್‌ನಲ್ಲಿ ಸಾಕಷ್ಟು ರನ್ ಆಯಿತು ಅಂದರೆ ಡಿಕ್ಲೇರ್ ಮಾಡಬಹುದು. ಫುಟ್‌ಬಾಲ್‌ನಲ್ಲಿ ಗಡಿಯಾರ ಓಡುತ್ತದೆ, ಸುಮ್ನೆ ಚೆಂಡು ಪಾಸ್ ಮಾಡುತ್ತಾ ಸಮಯ ಕಳೆಯಬಹುದು. ಬೇಸ್‌ಬಾಲ್‌ನಲ್ಲಿ ಎರಡೂ ಇಲ್ಲ. ಎದುರಾಳಿ ಮೂರು ಔಟ್ ಪಡೆಯುವವರೆಗೆ ನೀವು ಆಡುತ್ತಲೇ ಇರಬೇಕು, ಅವರು ಸೋತು ಸುಣ್ಣವಾಗಿದ್ದರೂ ನಿಲ್ಲಿಸುವ ದಾರಿ ಇಲ್ಲ. ಮಕ್ಕಳ ಲಿಟಲ್ ಲೀಗ್‌ನಲ್ಲಿ ದೊಡ್ಡ ಅಂತರವಾದರೆ ಪಂದ್ಯ ಮುಗಿಸುವ ನಿಯಮ ಇದೆ, ಮೇಜರ್ ಲೀಗ್‌ನಲ್ಲಿ ಅದೂ ಇಲ್ಲ. ಹಾಗಾಗಿ ಆಟಗಾರರೇ ತಮ್ಮೊಳಗೆ ಒಂದು ಕರುಣೆಯ ಒಪ್ಪಂದ ಮಾಡಿಕೊಂಡರು. ಇದರಲ್ಲಿ ಕೆಟ್ಟದ್ದೇನಿದೆ?

2021ರ ಮೇ 17ರ ಪಂದ್ಯ ನೆನಪಿಸಿಕೊಳ್ಳಿ. ಶಿಕಾಗೊ ವೈಟ್ ಸಾಕ್ಸ್ ಮಿನೆಸೋಟ ವಿರುದ್ಧ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ 15-4ರಿಂದ ಮುಂದಿತ್ತು. ಮಿನೆಸೋಟದವರು ತಮ್ಮ ಪಿಚರ್‌ಗಳ ತೋಳು ಉಳಿಸಿಕೊಳ್ಳಲು ವಿಲಿಯನ್ಸ್ ಆಸ್ತುಡಿಯೊ ಎಂಬ ಮಾಮೂಲಿ ಫೀಲ್ಡರ್ ಕೈಗೆ ಚೆಂಡು ಕೊಟ್ಟಿದ್ದರು. ಅವನು ಗಂಟೆಗೆ 47 ಮೈಲಿ ವೇಗದಲ್ಲಿ ಎಸೆದ ಚೆಂಡನ್ನು, ಅದೂ 3-0 ಎಣಿಕೆಯಲ್ಲಿ, ಯರ್ಮಿನ್ ಮರ್ಸಿಡಿಸ್ ಹೋಮ್ ರನ್‌ಗೆ ಅಟ್ಟಿದ. ಫೀಲ್ಡರ್‌ನನ್ನು ಪಿಚಿಂಗ್‌ಗೆ ಕಳಿಸುವುದು ಅಂದರೆ ಬಿಳಿ ಬಾವುಟ ಹಾರಿಸಿದ ಹಾಗೆ. ಆಮೇಲೂ ಹೊಡೆಯುವುದು ನನಗೆ ಹಿಡಿಸುವುದಿಲ್ಲ.

ಎಡಗೈ ಆಟಗಾರ:
ಸ್ಕೋರರ್ ಸರ್, ಬಿಳಿ ಬಾವುಟ ಹಾರಿಸಿದವರು ಆಮೇಲೆ ತಾವೂ ಬ್ಯಾಟ್ ಕೆಳಗಿಡುತ್ತಾರಾ? ಇಲ್ಲ ಅಲ್ವಾ. ಒಂಬತ್ತನೇ ಇನ್ನಿಂಗ್ಸ್‌ನ ಎರಡನೇ ಅರ್ಧದಲ್ಲಿ ಅವರು ಬಂದು ಪೂರ್ತಿ ಬಲದಿಂದಲೇ ಬೀಸುತ್ತಾರೆ. ಒಬ್ಬರು ಮಾತ್ರ ನಿಲ್ಲಿಸಬೇಕು, ಇನ್ನೊಬ್ಬರು ಆಡುತ್ತಲೇ ಇರಬಹುದು ಅಂದರೆ ಅದು ಒಪ್ಪಂದ ಹೇಗಾಗುತ್ತದೆ?

ಇನ್ನು "ಗೆದ್ದಾಯಿತು" ಅನ್ನುವ ಮಾತು. 2001ರ ಆಗಸ್ಟ್ 5ರಂದು ಸಿಯಾಟಲ್ ಮ್ಯಾರಿನರ್ಸ್ ಕ್ಲೀವ್‌ಲ್ಯಾಂಡ್ ವಿರುದ್ಧ 14-2ರಿಂದ ಮುಂದಿತ್ತು. ಆ ವರ್ಷ ಅವರು ಗೆದ್ದದ್ದು 116 ಪಂದ್ಯ, ಅಂಥ ತಂಡ. ಆದರೂ ಆ ರಾತ್ರಿ 11 ಇನ್ನಿಂಗ್ಸ್ ಆಗಿ ಕ್ಲೀವ್‌ಲ್ಯಾಂಡ್ 15-14ರಿಂದ ಗೆದ್ದಿತು. ಹಾಗಿದ್ದ ಮೇಲೆ ಏಳು ರನ್ ಮುನ್ನಡೆಯಲ್ಲಿ ಟಾಟಿಸ್ ಯಾಕೆ ಬಿಡಬೇಕು? ಎಷ್ಟು ರನ್ ಆದರೆ "ಸಾಕು" ಅಂತ ಯಾರಾದರೂ ಹೇಳಿದ್ದಾರಾ? ಐದು? ಏಳು? ಹತ್ತು? ಬರೆಯದ ನಿಯಮದ ದೊಡ್ಡ ತೊಂದರೆ ಇದೇ, ಗೆರೆ ಎಲ್ಲಿದೆ ಅಂತ ದಾಟಿದ ಮೇಲೆ ಹೇಳುತ್ತಾರೆ.

ಮರ್ಸಿಡಿಸ್ ಬಗ್ಗೆ ಇನ್ನೊಂದು ಮಾತು. ಅವನಿಗೆ ಆಗ 28 ವರ್ಷ. ಎಷ್ಟೋ ವರ್ಷ ಸಣ್ಣಪುಟ್ಟ ಲೀಗ್‌ಗಳಲ್ಲಿ ಸವೆದು ಆ ಸೀಸನ್‌ನಲ್ಲಿ ಮೇಲಿನ ಹಂತದಲ್ಲಿ ಜಾಗ ಗಿಟ್ಟಿಸಿದ್ದವನು. ಅಂಥವನಿಗೆ ಪ್ರತಿ ಹಿಟ್ಟೂ ಅನ್ನದ ಪ್ರಶ್ನೆ. ಅವನ ಸ್ವಂತ ಮ್ಯಾನೇಜರ್ ಟೋನಿ ಲಾ ರುಸ್ಸಾ ಪತ್ರಕರ್ತರ ಮುಂದೆ ಅವನದ್ದೇ ತಪ್ಪು ಅಂದರು. ಮಾರನೇ ದಿನ ಮಿನೆಸೋಟದ ಟೈಲರ್ ಡಫಿ ಅವನ ಹಿಂದಕ್ಕೆ ಚೆಂಡು ಎಸೆದಾಗಲೂ ತಮಗೆ ಅದರಲ್ಲಿ ತಕರಾರಿಲ್ಲ ಅಂದುಬಿಟ್ಟರು. ನನಗೆ ಎಲ್ಲಕ್ಕಿಂತ ಜಾಸ್ತಿ ಬೇಜಾರಾದದ್ದು ಅದಕ್ಕೆ. ತನ್ನ ಆಟಗಾರನ ಬೆನ್ನಿಗೆ ನಿಲ್ಲುವುದು ಕೂಡ ಮ್ಯಾನೇಜರ್‌ಗೆ ಒಂದು ಬರೆಯದ ನಿಯಮ ಅಲ್ವಾ?

ಹೊಸ ವೀಕ್ಷಕಿ:
ನಾನು ಈಗಷ್ಟೇ ಈ ಆಟ ನೋಡಲು ಶುರು ಮಾಡಿದ್ದೇನೆ. ಒಂದು ಸಂಶಯ. ಕ್ರಿಕೆಟ್‌ನಲ್ಲೂ ಬೌನ್ಸರ್ ಹಾಕಿ ಬ್ಯಾಟರ್‌ನನ್ನು ಹೆದರಿಸುತ್ತಾರೆ, ಅದನ್ನು ಯಾರೂ ಅನ್ಯಾಯ ಅನ್ನುವುದಿಲ್ಲ. ಇದೂ ಅದೇ ಥರ ಅಲ್ಲವೇ?

ಎಡಗೈ ಆಟಗಾರ:
ಅಲ್ಲ ಮೇಡಂ. ಬೌನ್ಸರ್ ನೆಲಕ್ಕೆ ಬಿದ್ದು ಎದ್ದು ಬರುತ್ತದೆ, ಸ್ವಲ್ಪ ವೇಗ ಕಳೆದುಕೊಳ್ಳುತ್ತದೆ, ಮುಖ್ಯವಾಗಿ ಅದು ವಿಕೆಟ್ ತೆಗೆಯುವ ಎಸೆತ. ಬೇಸ್‌ಬಾಲ್‌ನ ಚೆಂಡು ನೆಲ ಮುಟ್ಟುವುದೇ ಇಲ್ಲ. 18.44 ಮೀಟರ್ ದೂರದಿಂದ ಗಂಟೆಗೆ ಸುಮಾರು 150 ಕಿಲೋಮೀಟರ್ ವೇಗದಲ್ಲಿ ನೇರ ಮೈಗೆ. ಕಣ್ಣು ಮಿಟುಕಿಸುವಷ್ಟು ಹೊತ್ತೂ ಸಿಗುವುದಿಲ್ಲ. ಹೋಲಿಸುವುದಾದರೆ ಬೀಮರ್‌ಗೆ ಹೋಲಿಸಬೇಕು. ಬೀಮರ್ ಕೈಜಾರಿ ಬಂದರೂ ಬೌಲರ್ ಕೈ ಎತ್ತಿ ಕ್ಷಮೆ ಕೇಳುತ್ತಾನೆ, ಅಂಪೈರ್ ನೋಬಾಲ್ ಕೊಡುತ್ತಾನೆ. ಬೇಕಂತಲೇ ಬೀಮರ್ ಹಾಕಿ "ಇದು ನಮ್ಮ ಸಂಪ್ರದಾಯ" ಅಂದರೆ ನೀವು ಒಪ್ಪುತ್ತೀರಾ?

1967ರ ಆಗಸ್ಟ್‌ನಲ್ಲಿ ಬಾಸ್ಟನ್‌ನ ಟೋನಿ ಕಾನಿಲಿಯಾರೊ ಮುಖಕ್ಕೆ ಚೆಂಡು ಬಿತ್ತು. 22 ವರ್ಷದ ಹುಡುಗ, ಆ ಕಾಲದ ದೊಡ್ಡ ಭರವಸೆ. ಎಡಗಣ್ಣಿನ ದೃಷ್ಟಿ ಹಾಳಾಯಿತು. ವಾಪಸ್ ಬಂದು ಆಡಿದ, ಆದರೆ ಕೊನೆಗೆ ಕಣ್ಣೇ ಕೈಕೊಟ್ಟಿತು. ಆ ಎಸೆತ ಬೇಕಂತ ಎಸೆದದ್ದಲ್ಲ ಅಂತಲೇ ಪಿಚರ್ ಕೊನೆತನಕ ಹೇಳಿದ. ಬೇಡದೆ ಬಂದ ಚೆಂಡೇ ಹೀಗೆ ಮಾಡುವುದಾದರೆ ಬೇಕಂತಲೇ ಎಸೆಯಲು ಯಾರಿಗಾದರೂ ಧೈರ್ಯ ಹೇಗೆ ಬರುತ್ತದೆ? "ತೊಡೆಗೆ ಎಸೆಯುತ್ತೇವೆ, ತಲೆಗಲ್ಲ" ಅನ್ನುತ್ತಾರೆ. ಆ ವೇಗದಲ್ಲಿ ಬೆರಳು ಚೂರು ಜಾರಿದರೆ ಸಾಕು, ಚೆಂಡು ತೊಡೆ ಬಿಟ್ಟು ಎಲ್ಲಿಗೆ ಬೇಕಾದರೂ ಹೋಗಬಹುದು.

ಹೇಡಿತನವೂ ಇದರಲ್ಲಿ ಸೇರಿದೆ. ಹಿಂದೆ ಪಿಚರ್ ತಾನೂ ಬ್ಯಾಟ್ ಹಿಡಿದು ಬರಬೇಕಿತ್ತು, ಎಸೆದದ್ದಕ್ಕೆ ತಾನೇ ಲೆಕ್ಕ ಕೊಡಬೇಕಿತ್ತು. ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಅಮೆರಿಕನ್ ಲೀಗ್‌ನಲ್ಲಿ 1973ರಿಂದ, ನ್ಯಾಷನಲ್ ಲೀಗ್‌ನಲ್ಲೂ 2022ರಿಂದ ಪಿಚರ್ ಬದಲು ಬೇರೊಬ್ಬ ಬ್ಯಾಟ್ ಮಾಡುತ್ತಾನೆ. ಈಗ ಎಸೆದವನು ಡಗೌಟ್‌ನಲ್ಲಿ ಹಾಯಾಗಿ ಕೂರುತ್ತಾನೆ, ಸೇಡಿನ ಚೆಂಡು ಏನೂ ಮಾಡದ ಜೊತೆಗಾರನ ಪಕ್ಕೆಲುಬಿಗೆ ಬೀಳುತ್ತದೆ.

ಟೊರೊಂಟೊ ವಾಸಿ:
ನಮ್ಮ ಊರಿನ ಕಥೆ ಹೇಳದಿದ್ದರೆ ಹೇಗೆ! 2015ರ ಅಕ್ಟೋಬರ್ 14, ಟೊರೊಂಟೊ ಬ್ಲೂ ಜೇಸ್ ಮತ್ತು ಡಲ್ಲಾಸ್ ಸರ್ ಅವರ ರೇಂಜರ್ಸ್ ನಡುವೆ ಐದನೇ, ನಿರ್ಣಾಯಕ ಪಂದ್ಯ. ಏಳನೇ ಇನ್ನಿಂಗ್ಸ್‌ನಲ್ಲಿ ಹೊಸೆ ಬಟಿಸ್ಟಾ ಮೂರು ರನ್‌ಗಳ ಹೋಮ್ ರನ್ ಹೊಡೆದು, ಒಂದು ಕ್ಷಣ ದಿಟ್ಟಿಸಿ ನೋಡಿ, ಬ್ಯಾಟನ್ನು ಗಾಳಿಗೆ ಎಸೆದ. ಟೊರೊಂಟೊ ತಂಡ 1993ರ ನಂತರ ಪ್ಲೇಆಫ್ ಮುಖವನ್ನೇ ನೋಡಿರಲಿಲ್ಲ. ಇಪ್ಪತ್ತೆರಡು ವರ್ಷದ ಕಾಯುವಿಕೆ ಆ ಒಂದು ಎಸೆತದಲ್ಲಿ ಹೊರಗೆ ಬಂತು. ಇಡೀ ಊರೇ ಕುಣಿದಾಗ ಹೊಡೆದವನು ಮಾತ್ರ ತಲೆ ತಗ್ಗಿಸಿ ಓಡಬೇಕಿತ್ತಾ?

ರೇಂಜರ್ಸ್ ಅದನ್ನು ಏಳು ತಿಂಗಳು ಮನಸ್ಸಲ್ಲಿಟ್ಟುಕೊಂಡರು. 2016ರ ಮೇ 15ರಂದು, ಆ ವರ್ಷದ ಲೀಗ್ ಹಂತದಲ್ಲಿ ಎರಡೂ ತಂಡಗಳು ಆಡುವ ಕೊನೆಯ ಪಂದ್ಯದಲ್ಲಿ, ಮ್ಯಾಟ್ ಬುಷ್ ಎಸೆದ ಚೆಂಡು ಬಟಿಸ್ಟಾಗೆ ಬಡಿಯಿತು. ಅವನು ಸಿಟ್ಟಿನಿಂದ ಎರಡನೇ ಬೇಸ್‌ಗೆ ಜೋರಾಗಿ ಜಾರಿದ, ಅದೂ ಸರಿಯಲ್ಲ. ರೌಗ್ನೆಡ್ ಓಡೋರ್ ಅವನ ದವಡೆಗೆ ಗುದ್ದಿದ. ಬ್ಯಾಟ್ ಎಸೆದದ್ದರಿಂದ ಯಾರಿಗೂ ಗಾಯವಾಗಿರಲಿಲ್ಲ. ಅದು ತಪ್ಪು ಅಂದವರು ಚೆಂಡು ಎಸೆದರು, ಗುದ್ದಿದರು.

ದಕ್ಷಿಣ ಕೊರಿಯಾದ ಲೀಗ್‌ನಲ್ಲಿ ಬ್ಯಾಟ್ ಎಸೆಯುವುದು ದಿನದ ಮಾತು, ಪಿಚರ್ ಮುನಿಸಿಕೊಳ್ಳುವುದಿಲ್ಲ. ಆದರೆ ಅಲ್ಲೂ ಜಪಾನ್‌ನಲ್ಲೂ ಚೆಂಡು ಯಾರಿಗಾದರೂ ತಗುಲಿದರೆ ಪಿಚರ್ ಟೋಪಿ ತೆಗೆದು ತಲೆಬಾಗುತ್ತಾನೆ. ನನಗೆ ಆ ಪದ್ಧತಿ ತುಂಬಾ ಇಷ್ಟ. ಸಂಭ್ರಮಕ್ಕೆ ಸಿಟ್ಟಿಲ್ಲ, ನೋವು ಮಾಡಿದ್ದಕ್ಕೆ ಕ್ಷಮೆ ಇದೆ. ಅಮೆರಿಕದಲ್ಲಿ ಇದೇ ತಲೆಕೆಳಗಾಗಿದೆ.

ಮಲ್ಲೇಶ್ವರದ ಮಾವ:
ನಾನು ಆರ್‌ಸಿಬಿ ಅಭಿಮಾನಿ, ಬೇಸ್‌ಬಾಲ್ ಅಲ್ಪಸ್ವಲ್ಪ ಗೊತ್ತು. 2013ರ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್‌ನಲ್ಲಿ ಕೆನಡಾ-ಮೆಕ್ಸಿಕೊ ಹೊಡೆದಾಟ ಆಯಿತಲ್ಲ, ಅದನ್ನು ಯಾರೂ ಹೇಳಲಿಲ್ಲವಲ್ಲ. ಕೆನಡಾ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ 9-3ರಿಂದ ಮುಂದಿದ್ದಾಗ ಕ್ರಿಸ್ ರಾಬಿನ್ಸನ್ ಬಂಟ್ ಮಾಡಿ ಬೇಸ್ ಸೇರಿದ. ಮೆಕ್ಸಿಕೊದವರಿಗೆ ಅದು ಅವಮಾನ ಅನಿಸಿತು, ಪಿಚರ್ ಮುಂದಿನ ಬ್ಯಾಟರ್‌ಗೆ ಗುರಿಯಿಟ್ಟು ಎಸೆದ, ಎರಡೂ ತಂಡ ಮೈದಾನಕ್ಕೆ ನುಗ್ಗಿ ಬಡಿದಾಡಿದವು. ಆದರೆ ಆ ಟೂರ್ನಿಯಲ್ಲಿ ಸಮ ಆದರೆ ರನ್ ಅಂತರವೇ ಲೆಕ್ಕ. ಒಂದೊಂದು ರನ್ನೂ ಮುಖ್ಯ. 2024ರ ಮೇ 18ರಂದು ಚಿನ್ನಸ್ವಾಮಿಯಲ್ಲಿ ಚೆನ್ನೈ ವಿರುದ್ಧ ನಮಗೆ ಗೆದ್ದರಷ್ಟೇ ಸಾಲುತ್ತಿರಲಿಲ್ಲ, ನೆಟ್ ರನ್ ರೇಟ್‌ಗಾಗಿ ಕನಿಷ್ಠ 18 ರನ್‌ಗಳಿಂದ ಗೆಲ್ಲಬೇಕಿತ್ತು. ಅವತ್ತು "ಗೆದ್ದಾಯಿತಲ್ಲ, ಇನ್ನು ಸುಮ್ಮನಿರಿ" ಅಂತ ಯಾರಾದರೂ ಹೇಳಿದ್ದರೆ ಬೆಂಗಳೂರು ಕೇಳುತ್ತಿತ್ತಾ? ಬರೆದ ನಿಯಮವೇ ಹೆಚ್ಚು ರನ್ ಹೊಡಿ ಅಂತ ಹೇಳುವಾಗ ಬರೆಯದ ನಿಯಮ ಬಾಯಿ ಮುಚ್ಚಬೇಕು.

ಹಳೇ ಸ್ಕೋರರ್:
ಮಾವ, ಕೆನಡಾ ವಿಷಯದಲ್ಲಿ ನೀವು ಹೇಳಿದ್ದು ಸರಿ, ಅಲ್ಲಿ ಕೆನಡಾ ತಪ್ಪು ಮಾಡಲಿಲ್ಲ. ಆದರೆ ಬರೆಯದ ನಿಯಮ ಅಂದಕೂಡಲೇ ಎಲ್ಲವನ್ನೂ ಸೇಡಿನ ಜೊತೆ ಸೇರಿಸಿ ಬಿಸಾಡಬೇಡಿ ಅನ್ನುವುದೇ ನನ್ನ ಮಾತು. ಡೆಟ್ರಾಯಿಟ್‌ನ ಪಿಚರ್ ಅರ್ಮಾಂಡೊ ಗಲರಾಗಾನನ್ನು ಮರೆತಿರಾ?

2010ರ ಜೂನ್ 2. ಕ್ಲೀವ್‌ಲ್ಯಾಂಡ್‌ನ 26 ಬ್ಯಾಟರ್‌ಗಳು ಬಂದರು, 26 ಜನವೂ ಔಟ್. ಇನ್ನೊಬ್ಬ ಔಟ್ ಆದರೆ ಪರ್ಫೆಕ್ಟ್ ಗೇಮ್, ಅಂದರೆ ಎದುರಾಳಿ ಒಬ್ಬನೂ ಬೇಸ್ ಸೇರದ ಪಂದ್ಯ. ನೂರೈವತ್ತು ವರ್ಷದ ಮೇಜರ್ ಲೀಗ್‌ನಲ್ಲಿ ಇವತ್ತಿನವರೆಗೂ ಆಗಿರುವುದು 24 ಮಾತ್ರ. 27ನೆಯವನು ಜೇಸನ್ ಡೊನಾಲ್ಡ್ ಹೊಡೆದ ಚೆಂಡನ್ನು ಮಿಗೆಲ್ ಕಬ್ರೆರಾ ಹಿಡಿದು ಎಸೆದ, ಗಲರಾಗಾ ಓಡಿ ಬಂದು ಮೊದಲ ಬೇಸ್ ಮುಟ್ಟಿದ. ಸ್ಪಷ್ಟವಾಗಿ ಔಟ್. ಅಂಪೈರ್ ಜಿಮ್ ಜಾಯ್ಸ್ ಸೇಫ್ ಅಂದರು. ಆಗ ಇಂಥ ತೀರ್ಪನ್ನು ವಿಡಿಯೋ ನೋಡಿ ಬದಲಿಸುವ ಅವಕಾಶ ಇರಲಿಲ್ಲ, ಅದು ಬಂದದ್ದು 2014ರಲ್ಲಿ.

ಗಲರಾಗಾ ಏನು ಮಾಡಿದ ಗೊತ್ತಾ? ಒಂದು ನಗು ನಕ್ಕ. ತಿರುಗಿ ಹೋಗಿ ಮುಂದಿನ ಬ್ಯಾಟರ್‌ನನ್ನು ಔಟ್ ಮಾಡಿ ಪಂದ್ಯ ಮುಗಿಸಿದ. ಜಾಯ್ಸ್ ಆಮೇಲೆ ವಿಡಿಯೋ ನೋಡಿ, ನೆಪ ಹೇಳದೆ, ಹುಡುಗನ ಪರ್ಫೆಕ್ಟ್ ಗೇಮ್ ತಾನೇ ಕಿತ್ತುಕೊಂಡೆ ಅಂತ ಎಲ್ಲರ ಮುಂದೆ ಒಪ್ಪಿಕೊಂಡರು. ಮಾರನೇ ದಿನ ಆಟಗಾರರ ಪಟ್ಟಿಯನ್ನು ಅಂಪೈರ್‌ಗೆ ಕೊಡಲು ಮ್ಯಾನೇಜರ್ ಬದಲು ಗಲರಾಗಾನೇ ಬಂದ. ಜಾಯ್ಸ್ ಕಣ್ಣೊರೆಸಿಕೊಳ್ಳುತ್ತಿದ್ದರು. ಡೆಟ್ರಾಯಿಟ್ ಜನ ಚಪ್ಪಾಳೆ ತಟ್ಟಿದರು. ಪಟ್ಟಿ ಯಾರು ತರಬೇಕು, ಹೇಗೆ ಕೊಡಬೇಕು ಅಂತ ಇದನ್ನೆಲ್ಲ ಯಾವ ಪುಸ್ತಕ ಬರೆಯುತ್ತದೆ ಹೇಳಿ.

ಮಲ್ಲೇಶ್ವರದ ಮಾವ:
ನಮ್ಮ ವಿಶಿ ನೆನಪಾದರು. 1980ರ ಫೆಬ್ರವರಿ, ಬಾಂಬೆಯಲ್ಲಿ ಸುವರ್ಣ ಮಹೋತ್ಸವದ ಟೆಸ್ಟ್, ಜಿ.ಆರ್. ವಿಶ್ವನಾಥ್ ನಾಯಕ. ಇಂಗ್ಲೆಂಡ್ ಐದು ವಿಕೆಟ್ ಕಳೆದುಕೊಂಡು ತತ್ತರಿಸಿತ್ತು. ಬಾಬ್ ಟೇಲರ್ ಔಟ್ ಅಂತ ಅಂಪೈರ್ ಬೆರಳೆತ್ತಿದರು. ಬ್ಯಾಟಿಗೆ ತಗುಲಿಲ್ಲ ಅಂತ ವಿಶಿಗೆ ಅನಿಸಿತು, ವಾಪಸ್ ಕರೆದರು. ಟೇಲರ್ ಬೋಥಂ ಜೊತೆ 171 ರನ್ ಸೇರಿಸಿದ, ನಾವು ಹತ್ತು ವಿಕೆಟ್‌ಗಳಿಂದ ಸೋತೆವು. ಇಷ್ಟು ವರ್ಷ ಆದ ಮೇಲೂ ವಿಶಿ ಹೆಸರು ಹೇಳಿದರೆ ಜನ ಸ್ಕ್ವೇರ್ ಕಟ್ ಜೊತೆ ಇದನ್ನೂ ಹೇಳುತ್ತಾರೆ, ಸೋತದ್ದಕ್ಕೆ ಯಾರೂ ಬೈಯುವುದಿಲ್ಲ.

ಎಡಗೈ ಆಟಗಾರ:
ಇಲ್ಲಿ ನಮ್ಮಿಬ್ಬರದ್ದೂ ಒಂದೇ ದಾರಿ ಸರ್. ಗಲರಾಗಾ, ವಿಶಿ ಇಬ್ಬರೂ ತಮ್ಮ ಕೈಯಿಂದ ಏನೋ ಬಿಟ್ಟುಕೊಟ್ಟರು. ಬೇರೆಯವರು ಬಿಟ್ಟುಕೊಡಲಿ ಅಂತ ಹಟ ಹಿಡಿಯಲಿಲ್ಲ. 2001ರ ಮೇ 26ರಂದು ಅರಿಜೋನಾದ ಕರ್ಟ್ ಶಿಲಿಂಗ್ ಎಂಟನೇ ಇನ್ನಿಂಗ್ಸ್‌ವರೆಗೆ ಪರ್ಫೆಕ್ಟ್ ಆಗಿ ಎಸೆಯುತ್ತಿದ್ದ. ಪಾಡ್ರೆಸ್‌ನ ಬೆನ್ ಡೇವಿಸ್ ಬಂಟ್ ಮಾಡಿ ಬೇಸ್ ಸೇರಿದ. ಅರಿಜೋನಾ ಮ್ಯಾನೇಜರ್ ಬಾಬ್ ಬ್ರೆನ್ಲಿ ಕೆಂಡಾಮಂಡಲ. ಆದರೆ ಸ್ಕೋರ್ 2-0 ಅಷ್ಟೇ! ಒಬ್ಬ ಬೇಸ್ ಸೇರಿದರೆ ಮುಂದಿನವನ ಒಂದು ಹೋಮ್ ರನ್‌ನಿಂದ ಪಂದ್ಯ ಸಮ. ಡೇವಿಸ್ ಗೆಲ್ಲಲು ಆಡಿದ.

ಕೋಟ್ಲಾದಲ್ಲಿ 1999ರಲ್ಲಿ ಅನಿಲ್ ಕುಂಬ್ಳೆ ಒಂಬತ್ತು ವಿಕೆಟ್ ತೆಗೆದಾಗ ಇನ್ನೊಂದು ತುದಿಯಿಂದ ಜಾವಗಲ್ ಶ್ರೀನಾಥ್ ಬೇಕಂತಲೇ ವಿಕೆಟ್‌ನಿಂದ ದೂರ ಹಾಕಿದರು, ಹತ್ತನೆಯದು ಕುಂಬ್ಳೆಗೇ ಸಿಗಲಿ ಅಂತ. ಅದು ಜೊತೆಗಾರ ತನ್ನ ವಿಕೆಟ್ ಆಸೆ ಬಿಟ್ಟದ್ದು. ಪಾಕಿಸ್ತಾನದವರು ಸಹಾಯ ಮಾಡಬೇಕಿತ್ತು ಅಂತ ಯಾರೂ ಕೇಳಲಿಲ್ಲ. ಬ್ರೆನ್ಲಿ ಕೇಳಿದ್ದು ಅದನ್ನೇ, ಎದುರಾಳಿ ನಮ್ಮ ದಾಖಲೆಗೆ ಸಹಾಯ ಮಾಡಲಿ ಅಂತ.

ಸಾಫ್ಟ್‌ಬಾಲ್ ಅಮ್ಮ:
ನನ್ನ ಮಗಳು ಸಾಫ್ಟ್‌ಬಾಲ್ ಆಡುತ್ತಾಳೆ, ಅದಕ್ಕೇ ಬರೆಯುತ್ತಿದ್ದೇನೆ. 2008ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ ರಾಜ್ಯದ ಎಲೆನ್ಸ್‌ಬರ್ಗ್‌ನಲ್ಲಿ ನಡೆದದ್ದು ಎಲ್ಲರಿಗೂ ಗೊತ್ತಾಗಬೇಕು. ವೆಸ್ಟರ್ನ್ ಓರೆಗನ್ ಕಾಲೇಜು ತಂಡದ ಸಾರಾ ಟುಖೋಲ್‌ಸ್ಕಿ ತನ್ನ ಜೀವನದ ಮೊದಲ ಹೋಮ್ ರನ್ ಹೊಡೆದಳು. ಮೊದಲ ಬೇಸ್ ಮುಟ್ಟಲು ಮರೆತು, ಹಿಂದಿರುಗುವಾಗ ಮಂಡಿಯ ಲಿಗಮೆಂಟ್ ಹರಿಯಿತು. ತೆವಳಿ ಬೇಸ್ ಮುಟ್ಟಿದಳು, ಮುಂದೆ ಹೋಗಲು ಆಗಲಿಲ್ಲ. ಅವಳ ತಂಡದವರು ಮುಟ್ಟಿದರೆ ಔಟ್, ಬದಲಿ ಆಟಗಾರ್ತಿ ಬಂದರೆ ಹೋಮ್ ರನ್ ಹೋಗುತ್ತದೆ ಅಂತ ಅಂಪೈರ್ ಹೇಳಿದರು. ಆಗ ಎದುರಾಳಿ ಸೆಂಟ್ರಲ್ ವಾಷಿಂಗ್ಟನ್ ತಂಡದ ಮ್ಯಾಲರಿ ಹೋಲ್ಟ್‌ಮನ್ "ನಾವು ಎತ್ತಿಕೊಂಡು ಹೋಗಬಹುದಾ" ಅಂತ ಕೇಳಿದಳು. ಲಿಜ್ ವಾಲೇಸ್ ಜೊತೆ ಸೇರಿ ಅವಳನ್ನು ಹೊತ್ತು, ಒಂದೊಂದು ಬೇಸ್‌ನಲ್ಲೂ ಇಳಿಸಿ ಅವಳ ಒಳ್ಳೆಯ ಕಾಲು ತಾಗಿಸಿ, ಮನೆ ಮುಟ್ಟಿಸಿದರು. ಆ ಪಂದ್ಯ ಸೆಂಟ್ರಲ್ ವಾಷಿಂಗ್ಟನ್ 4-2ರಿಂದ ಸೋತಿತು. ಹೋಲ್ಟ್‌ಮನ್ ಅವರ ಆಗಿನ ಹೋಮ್ ರನ್ ದಾಖಲೆಯ ಆಟಗಾರ್ತಿ, ಅದು ಅವಳ ಕೊನೆಯ ವರ್ಷ.

ನನ್ನ ಮಗಳ ತಂಡದಲ್ಲಿ ಚೆಂಡು ಯಾರಿಗಾದರೂ ತಗುಲಿದರೆ ಇಡೀ ತಂಡ ಒಂದು ಮಂಡಿ ಊರಿ ಕೂರುತ್ತದೆ, ಪೆಟ್ಟಾದವಳು ಎದ್ದು ನಿಲ್ಲುವವರೆಗೆ. ಎರಡೂ ತಂಡದವರು. ಇದೂ ಬರೆಯದ ನಿಯಮವೇ, ನಾನು ಇದರ ಪರ.

ಹೊಸ ವೀಕ್ಷಕಿ:
ಹಾಗಾದರೆ ಸನ್ನೆ ಕದಿಯುವುದು? ಹ್ಯೂಸ್ಟನ್ ತಂಡ ಕಸದ ಡಬ್ಬಿ ಬಡಿದದ್ದು ಇದರಲ್ಲಿ ಬರುತ್ತದಾ?

ಡಲ್ಲಾಸ್ ಕನ್ನಡಿಗ:
ಅದು ಬೇರೆ. ಎರಡನೇ ಬೇಸ್‌ನಲ್ಲಿ ನಿಂತ ಓಟಗಾರ, ಯಾವ ಎಸೆತ ಬೇಕು ಅಂತ ಕ್ಯಾಚರ್ ಪಿಚರ್‌ಗೆ ಮಾಡುವ ಸನ್ನೆಯನ್ನು ಕಣ್ಣಲ್ಲೇ ಓದಿದರೆ ಅದು ಜಾಣತನ, ಮೊದಲಿನಿಂದಲೂ ಇದೆ. ಹ್ಯೂಸ್ಟನ್ ಆಸ್ಟ್ರೋಸ್ 2017ರಲ್ಲಿ ಕ್ಯಾಮೆರಾ ಇಟ್ಟು ಸನ್ನೆ ಕದ್ದು, ಕಸದ ಡಬ್ಬಿ ಬಡಿದು ಬ್ಯಾಟರ್‌ಗೆ ತಿಳಿಸಿದ್ದು ಬರೆದ ನಿಯಮಕ್ಕೇ ವಿರುದ್ಧ, ಶುದ್ಧ ಮೋಸ. 2020ರ ಜನವರಿಯಲ್ಲಿ 50 ಲಕ್ಷ ಡಾಲರ್ ದಂಡ ಬಿತ್ತು, ಮ್ಯಾನೇಜರ್ ಮತ್ತು ಜನರಲ್ ಮ್ಯಾನೇಜರ್ ಕೆಲಸ ಕಳೆದುಕೊಂಡರು. ಆಟಗಾರರಿಗೆ ಮಾತ್ರ ಶಿಕ್ಷೆ ಆಗಲಿಲ್ಲ. ಹೊಡೆದ ಹೋಮ್ ರನ್‌ಗೆ ಚೆಂಡು ಎಸೆಯುವ ಜನ, ಇಡೀ ತಂಡ ಮಾಡುತ್ತಿದ್ದ ಈ ಮೋಸ ಗೊತ್ತಿದ್ದರೂ ವರ್ಷಗಟ್ಟಲೆ ಬಾಯಿ ಬಿಡಲಿಲ್ಲ. ಹೊರಗೆ ಹೇಳಿದ ಮೈಕ್ ಫೈಯರ್ಸ್‌ನನ್ನೇ ಎಷ್ಟೋ ಜನ ದ್ರೋಹಿ ಅಂದರು. "ಒಳಗಿನದ್ದು ಹೊರಗೆ ಹೇಳಬಾರದು" ಅನ್ನುವುದೂ ಒಂದು ಬರೆಯದ ನಿಯಮ, ಎಲ್ಲಕ್ಕಿಂತ ಕೆಟ್ಟದ್ದು.

ಇನ್ನು ಸೇಡಿನ ವಿಷಯಕ್ಕೆ ಒಂದು ಇತ್ತೀಚಿನ ಉದಾಹರಣೆ. 2025ರ ಜೂನ್ 19, ಲಾಸ್ ಏಂಜಲೀಸ್, ಡಾಡ್ಜರ್ಸ್ ಮತ್ತು ಪಾಡ್ರೆಸ್. ಆ ಸರಣಿಯಲ್ಲಿ ಎರಡೂ ಕಡೆ ಚೆಂಡು ತಗುಲುತ್ತಲೇ ಇತ್ತು. ಟಾಟಿಸ್‌ಗೆ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಮತ್ತೆ ತಗುಲಿತು, ಮ್ಯಾನೇಜರ್‌ಗಳು ಎದುರುಬದುರು ಬಂದರು, ತಂಡಗಳು ಮೈದಾನಕ್ಕಿಳಿದವು. ಆಮೇಲೆ ರಾಬರ್ಟ್ ಸುವಾರೆಜ್ ಎಸೆದ ಚೆಂಡು ಶೊಹೆ ಒಹ್ತಾನಿಗೆ ಬಡಿಯಿತು. ಡಾಡ್ಜರ್ಸ್ ಡಗೌಟ್ ಎದ್ದು ನಿಂತಿತು. ಒಹ್ತಾನಿ ಅವರ ಕಡೆ ತಿರುಗಿ, ಬರಬೇಡಿ ಅಂತ ಕೈ ಬೀಸಿ ಮೊದಲ ಬೇಸ್‌ಗೆ ನಡೆದ. ಜಗಳ ಅಲ್ಲಿಗೆ ನಿಂತಿತು. ಪೆಟ್ಟು ತಿಂದವನೇ ಬೇಡ ಅಂದರೆ ಬೇರೆ ಯಾರಿಗೆ ಸೇಡಿನ ಹಕ್ಕಿದೆ?

ಹಳೇ ಸ್ಕೋರರ್:
ಆ ದೃಶ್ಯ ನಾನೂ ನೋಡಿದೆ. ಮೇಲೆ ಹೇಳುತ್ತೇನೆ ಅಂದಿದ್ದ ಮಾತು ಈಗ ಹೇಳಿಬಿಡುತ್ತೇನೆ. 15-4 ಇದ್ದಾಗ ಆ 47 ಮೈಲಿ ಚೆಂಡನ್ನು ನಾನಾಗಿದ್ದರೆ ಬಿಡುತ್ತಿದ್ದೆ, ನನ್ನ ಹತ್ತಿರ ಕಲಿಯುವ ಹುಡುಗರಿಗೂ ಬಿಡಿ ಅಂತಲೇ ಹೇಳುತ್ತೇನೆ. ಮರ್ಸಿಡಿಸ್ ಹೊಡೆದ, ಹೊಡೆಯಲಿ, ಅದು ಅವನ ಇಷ್ಟ. ಆದರೆ ಮಾರನೇ ದಿನ ಡಫಿ ಎಸೆದ ಚೆಂಡಿಗೆ ನನ್ನ ಹತ್ತಿರ ಯಾವ ಸಮರ್ಥನೆಯೂ ಇಲ್ಲ. ಲೀಗ್ ಕೊಟ್ಟ ಮೂರು ಪಂದ್ಯಗಳ ನಿಷೇಧವೂ ಕಡಿಮೆಯೇ ಆಯಿತು.